ಇಪ್ಪತ್ತೇಳನೆಯ ಪ್ರಶ್ನೆ

ಬಾಣಾವರದ ಕೆರೆ ಏರಿ ಇಳಿದು ಎಡಕ್ಕೆ
ಹೊನ್ನೂರಮ್ಮನ ಮನೆ. ಅರ್ಧ ಹಂಚು, ಅರ್ಧ ತಗಡು.
ಬಾಗಿಲ ಪಕ್ಕದ ಗೋಡೆಯಲ್ಲಿ
ಮಲೇರಿಯಾದವರು ಬಂದುಹೋದ ತಾರೀಕುಗಳು,
ಇದ್ದಿಲಲ್ಲಿ, ಸೀಮೆಸುಣ್ಣದಲ್ಲಿ, ಕೆಮ್ಮಣ್ಣಲ್ಲಿ,
ಒಂದರ ಮೇಲೊಂದು ಬಿದ್ದು
ಈಗ ಯಾವ ವರ್ಷವನ್ನೂ ಓದಲಾಗದು.

ನನ್ನ ಚೀಲದಲ್ಲಿ ಸೂಜಿಯಿಲ್ಲ, ಗಾಜಿನ ಪಟ್ಟಿಯಿಲ್ಲ.
ಟ್ಯಾಬಿದೆ, ಅದರಲ್ಲಿ ನಲವತ್ತೊಂದು ಪ್ರಶ್ನೆ.
"ರಕ್ತ ತಗಳಲ್ವಾ?" ಅಂದಳು, ಬೆರಳು ಚಾಚಿಕೊಂಡೇ.
ಇಲ್ಲ ಕಣವ್ವ, ಲೆಕ್ಕ ತಗೋತೀನಿ.
"ಅದೂ ಅಲ್ಲಿಂದ್ಲೇ ಬರೋದು ಬುಡು"
ಎಂದು ನಕ್ಕು ಗೋಣಿತಾಟು ಹಾಸಿದಳು.

ಮಗ ಚಿಕ್ಕರಂಗ ಮಂಗಳೂರಲ್ಲಿ
ಹನ್ನೊಂದನೆ ಅಂತಸ್ತಿಗೆ ಟೈಲ್ಸ್ ಕೂರಿಸುವವ,
ರಾತ್ರಿ ಮಲಗುವುದು ಲಿಫ್ಟಿನ ಗುಂಡಿಯ ಪಕ್ಕ.
ಆ ಗುಂಡಿಯಲ್ಲಿ ಯಾವಾಗಲೂ ಮೊಣಕಾಲು ನೀರು.
ಚಳಿಜ್ವರ ಹೊತ್ತು ರೈಲು ಹತ್ತಿ
ಘಾಟಿಯ ಸುರಂಗಗಳನ್ನು ಎಣಿಸುತ್ತ ಬಂದನಂತೆ.
"ಮೂವತ್ತರ ತಂಕ ಸರಿಯಾಗಿತ್ತು ಮೇಡಂ,
ಆಮೇಲೆ ಎಲ್ಲಾ ಒಂದೇ ಸುರಂಗ."

ಹದಿನೆಂಟು: ಆಸ್ಪತ್ರೆಗೆ ಹೋದದ್ದು ಯಾವುದರಲ್ಲಿ?
ಆಟೋ, ಮುನ್ನೂರು. ಬರುವಾಗ ಹಾಲಿನ ವ್ಯಾನು, ಪುಕ್ಕಟೆ.
ಮಾತ್ರೆಯೂ ಪುಕ್ಕಟೆ. ಆದರೆ ಅದಕ್ಕೂ ಮೊದಲು
ಬಸ್‌ಸ್ಟ್ಯಾಂಡಿನ ಎದುರು ಶಾಪಿನ ಡಾಕ್ಟರು
ಟೈಫಾಯ್ಡ್ ಎಂದು ಎರಡು ಬಾಟ್ಲಿ ಏರಿಸಿ
ಎರಡು ಸಾವಿರದ ಆರುನೂರು ಇಳಿಸಿಕೊಂಡಿದ್ದ.
ಇಪ್ಪತ್ತೆರಡು: ಖರ್ಚಿಗಾಗಿ ಏನಾದರೂ ಮಾರಿದಿರಾ?
"ಒಂದು ಕುರಿ."
ಒಂದು, ಎಂದು ಒತ್ತಿದೆ.
"ಬರೀ ಕುರಿಯಲ್ಲ ಕಣವ್ವ, ಗಬ್ಬದ ಕುರಿ."
ನಾನು ಟ್ಯಾಬನ್ನು ಹಿಂದೆ ಮುಂದೆ ತಡಕಿದೆ.
ಅದಕ್ಕೆ ಒಂದಕ್ಕಿಂತ ಜಾಸ್ತಿ, ಎರಡಕ್ಕಿಂತ ಕಮ್ಮಿ ಗೊತ್ತಿಲ್ಲ.

ಇಪ್ಪತ್ತೇಳು: ರೋಗಿಯನ್ನು ನೋಡಿಕೊಂಡವರಿಗೆ
ಎಷ್ಟು ದಿನದ ಕೂಲಿ ಹೋಯಿತು?
"ನಂಗೆಲ್ಲಿ ಕೂಲಿ, ಮನೇಲಿರೋಳು."
ಹದಿನಾಲ್ಕು ದಿನ, ನಡುಕ ಬಂದಾಗ
ಇರುವ ಎರಡು ಕಂಬಳಿ ಸಾಲದೆ
ತಾನೇ ಮೇಲೆ ಒರಗಿ ಅದುಮಿ ಹಿಡಿದದ್ದು,
ಬೆವರಿಗೆ ಸೀರೆ ಹರಿದದ್ದು,
ಗಂಜಿ, ಬಿಂದಿಗೆ, ಒಲೆ, ಮತ್ತೆ ಗಂಜಿ.
ಕೈಪಿಡಿ ಪುಟ ಒಂಬತ್ತು: ಆದಾಯವಿಲ್ಲದಿದ್ದರೆ ಸೊನ್ನೆ.
ಸೊನ್ನೆ ಒತ್ತಿದರೇ ಇಪ್ಪತ್ತೆಂಟು ತೆರೆಯುವುದು.
ಒತ್ತಿದೆ.

"ಇದ್ನ ಕೇಳಾಕೆ ನಿಂಗೆ ಏನು ಕೊಡ್ತಾರೆ?"
ಮನೆಗೆ ನೂರ ಎಂಬತ್ತು, ಪೂರ್ತಿ ತುಂಬಿದರೆ.
ಮಾರ್ಚಿಗೆ ಗುತ್ತಿಗೆ ಮುಗಿಯುತ್ತೆ.
ಹೊನ್ನೂರಮ್ಮ ಕೊಬ್ಬರಿ ಚೂರೊಂದನ್ನು ಕೈಗಿಟ್ಟು
ಬಹಳ ಹೊತ್ತು ಯೋಚಿಸಿದಳು.
"ಹಂಗಾರೆ ನಾನು ಬಾಯಿ ಬಿಡದಿದ್ರೆ
ನಿಂಗೂ ಸೊನ್ನೆಯೇ."

ಸಂಜೆ ಅರಸೀಕೆರೆ ಜಂಕ್ಷನ್, ಮೂರನೇ ಪ್ಲಾಟ್‌ಫಾರಂ,
ಕಂಬದ ಪ್ಲಗ್ಗಿಗೆ ಫೋನು ಸಿಕ್ಕಿಸಿ ಸಂದರ್ಶನ.
ಎರಡು ವರ್ಷದ ಸಂಶೋಧನಾ ಹುದ್ದೆ, ಮಲಾವಿಯ ಒಂದು ಊರು,
ಅಲ್ಲಿಯೂ ಇದೇ ಜ್ವರ, ಬೇರೆ ನಾಣ್ಯ.
ಪರದೆಯ ಮೇಲೆ ಮೂವರು;
ನನ್ನ ಹೆಸರನ್ನು ಮೂರು ತರ ಅಂದರು.
ಈ ಕ್ಷೇತ್ರವೇ ಯಾಕೆ?
ಬಾಯಿಪಾಠ ಮಾಡಿದ ಉತ್ತರವಿತ್ತು:
ವೆಚ್ಚ, ಪರಿಣಾಮ, ನೀತಿ, ಸೊಳ್ಳೆಪರದೆಯೊಂದರಿಂದ
ಉಳಿಯುವ ಆಯುಸ್ಸಿನ ವರ್ಷಗಳು.
ಬಾಯಿಗೆ ಬಂದದ್ದು ಕುರಿ.
ಗಬ್ಬದ ಕುರಿಯನ್ನು ಹೇಗೆ ಎಣಿಸಬೇಕೋ
ತಿಳಿದುಕೊಳ್ಳಬೇಕು, ಎಂದುಬಿಟ್ಟೆ.
ಅಷ್ಟರಲ್ಲಿ ಮೈಸೂರು ಗಾಡಿಯ ಘೋಷಣೆ,
ಕನ್ನಡ, ಹಿಂದಿ, ಇಂಗ್ಲಿಷು ಮೂರೂ ಮುಗಿಯುವವರೆಗೆ
ಅವರ ತುಟಿಗಳಷ್ಟೇ ಆಡಿದವು.
ನಕ್ಕರೋ, ಮುಂದಿನ ಪ್ರಶ್ನೆ ಕೇಳಿದರೋ,
ಗೆರೆಗೆರೆಯಾಗಿ ನಿಂತುಹೋದರು.

ರಾತ್ರಿ ರೂಮಿನಲ್ಲಿ ದಿನದ ನಾಲ್ಕು ಮನೆ ಕಳಿಸುವ ಮೊದಲು
ಇಪ್ಪತ್ತೇಳಕ್ಕೆ ವಾಪಸ್ಸು ಹೋದೆ.
ಸೊನ್ನೆ ಅಳಿಸಿ
ಹದಿನಾಲ್ಕನ್ನು ನೂರ ಎಂಬತ್ತರಿಂದ ಗುಣಿಸಿ
ಎರಡು ಸಾವಿರದ ಐನೂರಿಪ್ಪತ್ತು ಬರೆದೆ.
ಕೆಂಪು ಗೆರೆ ಎದ್ದಿತು: ಆಧಾರ ನಮೂದಿಸಿ.
ನಾಳೆ ಮೇಲ್ವಿಚಾರಕ ನಿರ್ವಾಣಪ್ಪ ಫೋನು ಮಾಡಿ
ಪುಟ ಒಂಬತ್ತು ಓದಿಲ್ವೇನಮ್ಮ ಅನ್ನುತ್ತಾರೆ.
ನನ್ನ ಕೂಲಿ, ಎಂದು ನಮೂದಿಸಿದೆ.

ಬ್ಯಾಟರಿ ನಾಲ್ಕು ಪರ್ಸೆಂಟು.
ಕುರಿಯ ಮನೆಯಲ್ಲಿ ಇನ್ನೂ ಒಂದೇ ಇದೆ.