ಒಂಬತ್ತು ಹತ್ತಕ್ಕೆ ಹೊರಟು

ಯಾಕುತ್ಸ್ಕಿನಲ್ಲಿ ಉಸಿರು ಬಿಟ್ಟರೆ
ಅಲ್ಲೇ ನಿಲ್ಲುತ್ತದೆ, ಮುಂದಕ್ಕೆ ಹೋಗುವುದಿಲ್ಲ.
ಸೊನ್ನೆಗಿಂತ ನಲವತ್ತೇಳು ಕೆಳಗೆ.
ಸಂತೆಯಲ್ಲಿ ಮೀನುಗಳು ಸೌದೆಯ ಹಾಗೆ
ಬಾಲ ಊರಿ ನೆಟ್ಟಗೆ ನಿಂತಿರುತ್ತವೆ.
ಮೂರು ನೆಲ್ಮಾ ಆರಿಸಿ, ಹಳೆಯ ಪೇಪರು ಸುತ್ತಿ,
ರಟ್ಟಿನ ಡಬ್ಬಿಗೆ ಟೇಪು ಬಿಗಿದೆ:
ಹನ್ನೊಂದು ಕಿಲೋ, ಅಕ್ಕನಿಗೆ.

ಅಕ್ಕ ಅಂದರೆ ಇಪ್ಪತ್ತು ನಿಮಿಷಕ್ಕೆ ಅಕ್ಕ.
ಒಂದೇ ಹೊಟ್ಟೆ, ಒಂದೇ ಬೆಳಗು;
ಮೊದಲು ಬಂದು ಜಾಗ ಹಿಡಿದಳು,
ಆಮೇಲೆ ಜನ್ಮವಿಡೀ ಅದನ್ನೇ ಆಡಿದಳು.
ಮಾಸ್ಕೋಗೆ ಹೋದ ಮೇಲೆ ಮಾತ್ರ
ಹುಟ್ಟುಹಬ್ಬ ನನಗೇ ಮೊದಲು. ಆರು ಗಂಟೆ ಕಾಲ
ನಾನು ಅವಳಿಗಿಂತ ಒಂದು ವರ್ಷ ದೊಡ್ಡವಳು.
ಇವತ್ತು ಐವತ್ತು.

ಟಿಕೆಟ್ಟು ಹೇಳುತ್ತದೆ: ಹೊರಡುವುದು ಒಂಬತ್ತು ಹತ್ತಕ್ಕೆ,
ತಲುಪುವುದು ಹತ್ತಕ್ಕೆ.
ನಡುವೆ ನಾಲ್ಕು ಸಾವಿರದ ಒಂಬೈನೂರು ಕಿಲೋಮೀಟರು.
ಟಿಕೆಟ್ಟಿನ ಲೆಕ್ಕದಲ್ಲಿ ಐವತ್ತು ನಿಮಿಷ,
ಮಂಡಿಯ ಲೆಕ್ಕದಲ್ಲಿ ಏಳು ಗಂಟೆ.
ಪಕ್ಕದ ಸೀಟಿನ ಕೆಸ್ಕಿಲ್, ಆರನೇ ಕ್ಲಾಸು,
ಕಾಗದದ ಲೋಟದ ಸುತ್ತ ಪೆನ್ನಿನಿಂದ ಗೆರೆ ಎಳೆದು ತೋರಿಸಿದ:
‘ನೋಡಜ್ಜಿ, ಭೂಮಿ ಹೀಗೆ ತಿರುಗುತ್ತೆ, ನಾವು ಹಾಗೆ ಓಡ್ತೀವಿ.
ಗಡಿಯಾರಕ್ಕೆ ಸುಸ್ತಾಗುತ್ತೆ.’
ಅಜ್ಜಿಯಂತೆ! ಇರಲಿ.

ಎಡಗಿಟಕಿಯಲ್ಲಿ ಒಂದು ಕೆಂಪು.
ಚಹಾ ಬಂತು, ಹೋಯಿತು; ಅದು ಹಾಗೇ ಇದೆ.
ಕೋಳಿಯೋ ಮೀನೋ ಎಂದು ಕೇಳಿದರು, ಕೋಳಿ ತಿಂದೆ.
ಹುಡುಗ ನನ್ನ ಭುಜಕ್ಕೊರಗಿ ನಿದ್ದೆಹೋದ.
ಬೆಳಗಾಗುವುದೂ ಇಲ್ಲ, ಬೆಳಗು ಮುಗಿಯುವುದೂ ಇಲ್ಲ.

ಅಮ್ಮ ಹೋದದ್ದು ಜುಲೈನಲ್ಲಿ. ಸೆಕೆ. ಸೊಳ್ಳೆ.
ಅಕುಲೀನಾ ಅಲ್ಲಿಂದ ಬೆಳಿಗ್ಗೆ ಹತ್ತಕ್ಕೆ ಹೊರಟಳು,
ಮನೆ ಮುಟ್ಟಿದಾಗ ರಾತ್ರಿ ಹನ್ನೊಂದು.
ನಾವು ಆರಕ್ಕೇ ಮಣ್ಣು ಮುಚ್ಚಿದ್ದೆವು.
‘ಹದಿಮೂರು ಗಂಟೆ ಯಾರು ಕಾಯ್ತಾರೆ’ ಅಂದೆ.
‘ಏಳು ಕಣೇ’ ಅಂದಳು. ‘ಏಳೇ ಏಳು ಗಂಟೆ.’
ಬಾಗಿಲಲ್ಲೇ ನಿಂತು, ಶೂ ಕೂಡ ಬಿಚ್ಚದೆ,
ಬೆರಳು ಮಡಚಿ ಎಣಿಸಿದಳು.
ಆಮೇಲೆ ನಾಲ್ಕು ವರ್ಷ ಫೋನಿಲ್ಲ.

ಇಬ್ಬರ ಲೆಕ್ಕವೂ ಸರಿಯಾಗಿತ್ತು.
ಅದೇ ತೊಂದರೆ.
ಈ ಕಡೆ ಹೋಗುವ ನನಗೆ ಆರು ಗಂಟೆ ಮಾಫಿ ಮಾಡುವ ಆಕಾಶ
ಆ ಕಡೆ ಬರುವ ಅವಳಿಂದ ಆರು ಕಿತ್ತುಕೊಂಡಿತ್ತು.
ಮೇಲೆ ನಾನೂ ಬಡ್ಡಿ ಹಾಕಿದ್ದೆ.

ಇಳಿದೆವು. ಹತ್ತು ಗಂಟೆ ಎರಡು ನಿಮಿಷ.
ಕೆಸ್ಕಿಲ್ ನನ್ನ ಗಡಿಯಾರ ನೋಡಿ, ‘ತಿರುಗಿಸಜ್ಜಿ’ ಅಂದ.
ತಿರುಗಿಸಲಿಲ್ಲ.
ಬೆಲ್ಟಿನ ಮೇಲೆ ಡಬ್ಬಿ ಬಂತು, ಒಂದು ಮೂಲೆ ಜಜ್ಜಿಹೋಗಿ.
ಕಂಬಿಯಾಚೆ ಅವಳು. ನನ್ನದೇ ಮುಖ, ಬೇರೆ ಟೊಪ್ಪಿ.
ಮಾತಿಲ್ಲ. ಡಬ್ಬಿ ಇಸಕೊಂಡು, ಅಲ್ಲೇ ಟೇಪು ಹರಿದು,
ಬೆರಳ ಗೆಣ್ಣಿನಿಂದ ಮೀನಿನ ಮೇಲೆ ಬಡಿದಳು,
ಯಾರದೋ ಮನೆಯ ಬಾಗಿಲು ತಟ್ಟಿದ ಹಾಗೆ.
ಇನ್ನೂ ಕಲ್ಲು.

‘ಎಷ್ಟು ಹೊತ್ತು ಹಿಡೀತೇ ಬರೋಕೆ?’
‘ಏಳು’ ಅಂದೆ.
‘ಏಳೇ.’