ಎರಡು ಪರಡಿ

ಗಂಗಾವತಿ ಕಾಯಿಪಲ್ಯ ಮಾರ್ಕೆಟ್ ಖಾಲಿಯಾಗಿ
ಹಮಾಲರು ಚಾಕ್ಕ ಹೋದ ಹೊತ್ತಿನ್ಯಾಗ
ಗೋಣಿತಾಟು ಹಾಸಿ ಕುಂದ್ರತೀವಿ:
ನಾನು, ಏಳು ಹುಡುಗರು, ಮಾರದ ಉಳಿದ ಕಾಯಿ.
ಪಾಟಿ ಇಲ್ಲ. ಖಾಜಾಬನಿಯ ಅಪ್ಪನ ತಕ್ಕಡಿ ಐತಿ.
ಒಂದು ಪರಡಿಗೆ ಎಲ್, ಇನ್ನೊಂದಕ್ಕ ಲಾ.

ನಾ ಸಾಲಿ ಕಲಿಸಾಕಿ ಅಲ್ಲ.
ಸಾಣಾಪುರದ ಗುಂಡು ಹತ್ತಾಕ ಬಂದವರಿಗೆ
ಮೂರು ಚಳಿಗಾಲ ರೊಟ್ಟಿ ಬಡದಾಕಿ.
ಅವರಾಗ ಒಬ್ಬಾಕಿ, ಮೆಕ್ಸಿಕೋದ ಇತ್ಸೆಲ್,
ಬೆರಳಿಗೆಲ್ಲ ಪಟ್ಟಿ ಸುತಗೊಂಡು
ಒಲಿ ಮುಂದ ಕುಂತು ಉಳ್ಳಾಗಡ್ಡಿ ಹೆಚ್ಚತಿದ್ಲು.
ಆಕಿ ಒಂದು ಹೆಸರು ಹೇಳೂದು, ನಾ ಒಂದು ಹೇಳೂದು,
ಇಬ್ಬರೂ ಕಣ್ಣೀರು ಒರಸೂದು,
ಆಕಿ ತೋಳಿಗೆ, ನಾ ಸೆರಗಿಗೆ.

ಲಾ ಸೆಬೋಯಾ. ಉಳ್ಳಾಗಡ್ಡಿ.
"ಹೆಣ್ಣಾ?" ಅಂದ ಯಮನೂರ.
ಹೌದಪಾ, ಆ ಮಾತಿನ್ಯಾಗ ಕಾಯಿಪಲ್ಯಕ್ಕೂ ಹೆಣ್ಣು ಗಂಡು.
ನಮ್ಮಂಗ ಎಲ್ಲಾನೂ 'ಅದು' ಅಂತ
ಒಂದ ಬುಟ್ಟಿಗೆ ಸುರವಂಗಿಲ್ಲ.
"ಹೆಣ್ಣ ಇರಬೇಕ ಬಿಡ್ರಿ," ಅಂದ್ಲು ಹುಲಿಗೆಮ್ಮ,
"ಸೀರಿ ಮ್ಯಾಲ ಸೀರಿ ಉಟ್ಟೈತಿ."
ದಪ್ಪನ ಬಿತ್ತು ಪರಡಿಗೆ.

ಎಲ್ ತೊಮಾತೆ. ಎಲ್ ಆಹೊ, ಅಂದ್ರ ಬಳ್ಳೊಳ್ಳಿ.
ಲಾ ಸಾನಾಓರಿಯಾ, ಗಜ್ಜರಿ.
ನಡುವ ಒಂದು 'ಹ' ಬರದಿರತಾರ, ಅನ್ನಂಗಿಲ್ಲ.
"ಮತ್ಯಾಕ ಬರೀತಾರ?"
ಗೊತ್ತಿಲ್ಲವ್ವ. ನಾ ಅಡಿಗಿ ಮಾಡಾಕಿ.
ಎಲ್ ಪೆಪೀನೊ, ಸವತಿಕಾಯಿ...
ಪಾಠ ಅಲ್ಲಿಗೆ ನಿಂತಿತು.
"ಸವತಿ ಗಂಡಸಾ!"
ಗೋಣಿತಾಟಿನ ಮ್ಯಾಲ ಉಳ್ಳಾಡಿ ನಕ್ಕರು ಹುಡುಗರು,
ಆಚಿಕಡೆ ಕರಿಬೇವು ಕಟ್ಟತಿದ್ದ ದೇವಕ್ಕನೂ ನಕ್ಕಳು,
ಆಮ್ಯಾಲ ಸುಮ್ಮನಾದಳು.
ಆಕಿ ಮನಿ ಕತಿ ಮಾರ್ಕೆಟ್ಟಿಗೆಲ್ಲ ಗೊತ್ತು.
ನಾ ಗಬಕ್ಕನ ಬದನಿಕಾಯಿ ಎತ್ತಿ ಹಿಡದೆ.

ಮೆ ಗುಸ್ತಾ ಲಾ ಬೆರೆನ್‌ಹೇನಾ.
ನನಗ ಸೇರತೈತಿ ಬದನಿಕಾಯಿ.
ಇಂಗ್ಲಿಷಿನ್ಯಾಗ ಮಾತಿಗೊಮ್ಮೆ ಎದಿ ಸೆಟಿಸಿ
ಮುಂದ ನಿಂದ್ರತಾನಲ್ಲ ಒಬ್ಬ 'ಐ',
ಅವನಿಗೆ ಇಲ್ಲಿ ಕೆಲಸಿಲ್ಲ.
ಇಲ್ಲಿ ಮಾಡೂದೆಲ್ಲ ಬದನಿಕಾಯಿ,
ನಾವು 'ನನಗ' ಅಂತ ತಾಟು ಹಿಡಕೊಂಡು ಕುಂತಿರೂದು.
ಒಂದಿದ್ರ ಗುಸ್ತಾ, ಸೇರತೈತಿ.
ನಾಕಿದ್ರ ಗುಸ್ತಾನ್, ಸೇರತಾವ.
ಎಣಗಾಯಿಗೆ ಯಾವಾಗ್ಲೂ ಗುಸ್ತಾನ್,
ಯಾರು ಒಂದಕ್ಕ ನಿಲ್ಲತಾರ?
ಏಳೂ ತಲಿ ಒಮ್ಮಿಗೇ ಅಲ್ಲಾಡಿದವು,
ಅವರ ಮನಿ ದಾರಿ ಅವರಿಗೇ ಹೇಳಿದಂಗ.

ಒಂದ ಫರಕು. ಸೇರದಿದ್ರ ನಾವು
ಎಲ್ಲಾ ಅಂದು ಮುಗಿಸಿ ಬಾಲಕ್ಕ 'ಇಲ್ಲ' ಕಟ್ಟತೀವಿ.
ಅವರದು 'ನೊ' ಮೊದಲ.
ನೊ ಮೆ ಗುಸ್ತಾ.
"ಚಲೋ ಆತು," ಅಂದ್ಲು ಖಾಜಾಬನಿ,
"ನಮ್ಮಮ್ಮಿ ನಾ 'ಇಲ್ಲ' ಅನ್ನೂದರೊಳಗ ಬಡಿಸಿಬಿಡತಾಳ."

ಕಡಿಗೆ ಯಮನೂರ ತನ್ನವ್ವನ ಬುಟ್ಟಿಯಿಂದ
ಪುಂಡಿಪಲ್ಯದ ಕಟ್ಟು ತಂದ. "ಇದು?"
ಪುಂಡಿಯ ಕೆಂಪು ಮೊಗ್ಗಿ ನೋಡಿ ಒಮ್ಮೆ ಇತ್ಸೆಲ್
'ಹಮೈಕಾ!' ಅಂತ ಚೀರಿದ್ದಳು,
ಅವರ ಊರಾಗ ಅದರ ಶರಬತ್ತು ಮಾಡತಾರಂತ.
ಎಲಿ ಮಾತ್ರ ಆಕಿ ತಿಂದಾಕಿ ಅಲ್ಲ.
ಎಲಿಗೆ ಹೆಸರು ಕೊಡದ ಹೋದಳು.

"ಎಲ್ ಪುಂಡಿ." "ಲಾ ಪುಂಡಿ."
"ನಮ್ಮವ್ವ ಮಾರತಾಳ, ಲಾ!"
"ಹಂಗಾರ ಮೆಣಸಿನಕಾಯಿ ನಮ್ಮಪ್ಪ ಮಾರತಾನ, ಎಲ್!"
ಅದೇನೋ ಖರೇನ, ಎಲ್ ಚಿಲೆ.
ಆದ್ರ ದುರುಗೇಶನ ಅಪ್ಪ ಉಳ್ಳಾಗಡ್ಡಿನೂ ಮಾರತಾನ.
ಜಗಳ ಹೋಗಿ ತಕ್ಕಡಿ ಮ್ಯಾಲ ಬಿತ್ತು,
ಪರಡಿ ಎರಡೂ ತೂಗಾಡಿದವು,
ತೊಮಾತೆ ಉರುಳಿ ಗಟಾರದ ಕಡೆ ಹೋತು.
ನನ್ನ ಮುಖ ನೋಡತಾರ. ನನಗೇನು ಗೊತ್ತು?

ಯಮನೂರನ ಅವ್ವ ಬಂದು ಕಟ್ಟು ಕಸಗೊಂಡಳು.
"ಬಾಡತೈತಿ. ನಾಳಿಗೆ ಮಾರಬೇಕು."
ನೀರು ಚಿಮಕಿಸಿ, ಹಸಿ ಅರಿಬಿ ಸುತ್ತಿ,
ಬುಟ್ಟ್ಯಾಗ ಮಲಗಿಸಿದಳು ಅದನ್ನ.