ಎಂಟರಂಥ ನಾಲ್ಕು

ರಾಯಚೂರಿನ ತರಬೇತಿಯಲ್ಲಿ ಒಂದೊಂದು ಹಾಳೆ ಹಂಚಿದರು,
ನಡುವೆ ಗೆರೆ: ಎಡಕ್ಕೆ ನಮ್ಮ ಗಣಿತ,
ಬಲಕ್ಕೆ ನಿಮಗಿಷ್ಟವಾದ ದೇಶದ್ದು.
ಎಲ್ಲರೂ ಸಿಂಗಾಪುರ ಎಂದು ಬರೆದರು.
ಚಹಾ ಬರುವಷ್ಟರಲ್ಲಿ ಸಿಂಗಾಪುರ ಮುಗಿದಿತ್ತು.

ನನ್ನ ಬಲಗಡೆ ಖಾಲಿ.
ಮಡಚಿ, ಸಿಂಧನೂರಿನ ಬಸ್ಸಿನಲ್ಲಿ ತಂದೆ.

ನಮ್ಮ ಕ್ಯಾಂಪಿನ ಶಾಲೆಯ ಜುತಿಕಾ ಹಾಲ್ದಾರ್
ಲೆಕ್ಕ ತಪ್ಪುವವಳಲ್ಲ.
ಆದರೂ ಅವಳ ಪಟ್ಟಿಯಲ್ಲಿ ನಾಲ್ಕಿರಬೇಕಾದಲ್ಲೆಲ್ಲ ಎಂಟು.
‘ಅಜ್ಜ ಬರದಿದ್ದು ರೀ ಟೀಚರ್.
ಅದು ಎಂಟಲ್ಲ, ನಮ್ಮ ನಾಕು.’

ನಿಶಿಕಾಂತ ಅಜ್ಜ ಟ್ರಂಕಿನಿಂದ ತೆಗೆದದ್ದು
ಖುಲ್ನಾದ ಅಂಕಗಣಿತ. ರಟ್ಟಿಲ್ಲ.
ಮೊದಲ ಹನ್ನೊಂದು ಪುಟ ಗೆದ್ದಲು ಓದಿ ಮುಗಿಸಿದೆ.
ನಮ್ಮದನ್ನು ಪಕ್ಕದಲ್ಲಿಟ್ಟೆ, ಕೌದಿಯ ಮೇಲೆ,
ಗಂಡು ಹೆಣ್ಣಿನ ಜಾತಕ ಇಟ್ಟ ಹಾಗೆ.

ನಮ್ಮದರಲ್ಲಿ ರೈಲು ಸೇತುವೆ ದಾಟುತ್ತದೆ
(ಸಿಂಧನೂರಿಗೆ ರೈಲು ಬರುವ ಎಷ್ಟೋ ಮೊದಲೇ
ಪುಸ್ತಕಕ್ಕೆ ಬಂದಿತ್ತು).
ಅವರದರಲ್ಲಿ ದೋಣಿ.
ಸೆಣಬು ಹೇರಿದ ದೋಣಿ, ಭತ್ತದ ದೋಣಿ,
ಹೊಳೆಯ ಸೆಳವಿನ ಜೊತೆಗೆ, ಸೆಳವಿನ ಎದುರಿಗೆ,
ಹುಟ್ಟು ಹಾಕುವವನಿಗೆ ಮಾತ್ರ ಎಲ್ಲೂ ಹೆಸರಿಲ್ಲ.
ನಮ್ಮಲ್ಲಿ ಕಿಲೋ; ಅಲ್ಲಿ ಮಣ, ಸೇರು, ಛಟಾಕು.
ನಮ್ಮ ಉತ್ತರಗಳು ಕೊನೆಯ ಪುಟದಲ್ಲಿವೆ.
ಅಲ್ಲಿ ಕೊನೆಯ ಪುಟಗಳೇ ಇಲ್ಲ:
‘ದಾರ್ಯಾಗ ಅವಲಕ್ಕಿ ಕಟ್ಟಿಕೊಂಡ್ವಿ ರೀ ಅದರಾಗ.’

ಎದುರು ಸೆಳವಿನಲ್ಲಿ ಮರಳಲು ಎಷ್ಟು ತಾಸು ಬೇಕು
ಎಂಬ ಲೆಕ್ಕದ ಪಕ್ಕ ಪೆನ್ಸಿಲ್ ಗುರುತು.
ನನ್ನ ಗಂಟಲು ಸ್ವಲ್ಪ ಬಿಗಿಯಿತು.
ಅಜ್ಜ ನಕ್ಕರು:
‘ಪರೀಕ್ಷಾಕ್ಕ ಬರ್ತದ ಅಂದಿದ್ರು ಮಾಸ್ತರು. ಬರಲಿಲ್ಲ.’

ಆಮೇಲೆ ಕಾರ್ಡು ತೋರಿಸಿದರು.
ಬಂದ ವರ್ಷ ತಮ್ಮ ಕೈಯಾರೆ ಬರೆದಿದ್ದು ಇಪ್ಪತ್ತನಾಲ್ಕು,
ಗುಮಾಸ್ತ ಓದಿಕೊಂಡದ್ದು ಇಪ್ಪತ್ತೆಂಟು.
‘ಪಿಂಚಣಿ ನಾಕು ವರ್ಷ ಮುಂಚೆ ಬಂತು.
ಮುಪ್ಪೂ ಹಂಗೇ, ಸರಕಾರದ ಲೆಕ್ಕದಾಗ.’
ಜುತಿಕಾ ಬೆರಳೆಣಿಸಿ ನೋಡಿದಳು. ಸರಿ ಇತ್ತು.
ಒಳಗೆ ಯಾರೋ ಮೀನಿಗೆ ಸಾಸಿವೆ ಅರೆಯುತ್ತಿದ್ದರು.

ಹಾಳೆಯ ಬಲಗಡೆಯನ್ನು ಅವರಿಂದಲೇ ತುಂಬಿಸಿದೆ.
ತೂಕ, ಅಳತೆ, ಹಣ, ಕೊನೆಯ ಸಾಲು:
ಕಲಿಸುವ ಮೂಲಕ್ರಿಯೆಗಳು ಎಷ್ಟು?
ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು
ಎಂದು ಬಾಯಲ್ಲಿ ಹೇಳಿ
ನಡುಗುವ ಕೈಯಿಂದ ತಮ್ಮ ನಾಲ್ಕನ್ನು ಬರೆದರು.

ಹಾಳೆ ನಿನ್ನೆ ಮರಳಿ ಬಂದಿದೆ ರಾಯಚೂರಿನಿಂದ.
ಕೊನೆಯ ಸಾಲಿಗೆ ಕೆಂಪು ಶಾಯಿಯ ಸುತ್ತು,
ಪಕ್ಕದಲ್ಲಿ ಸಾಹೇಬರ ದುಂಡು ಅಕ್ಷರ:
ಉಳಿದ ನಾಲ್ಕು ಯಾವುವು? ವಿವರಿಸಿ.